ಅಪ್‌ಡೇಟ್: ತಂಗಿಯ ಮಗುವಿನ ಸಿಪ್ಯಾಪ್ ಬಗ್ಗೆ

30 ವಾರಕ್ಕೇ ಹುಟ್ಟಿದ ನನ್ನ ತಂಗಿಯ ಮಗಳಿಗೆ ಉಸಿರಾಟದ ತೊಂದರೆ ಇದ್ದರೂ ವೆಂಟಿಲೇಟರ್ ಹಾಕದೆ ಸಿಪ್ಯಾಪ್ (ಮೂಗಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಉಸಿರಾಟಕ್ಕೆ ನೆರವಾಗುವ ಸಾಧನ) ಮಾತ್ರ ಕೊಟ್ಟಿದ್ದಾರೆ, ಇದು ಸಾಕೇ ಎಂದು ಹಿಂದೆ ಕೇಳಿದ್ದೆ. ಧೈರ್ಯ ಹೇಳಿದ ಎಲ್ಲರಿಗೂ ಕೃತಜ್ಞತೆಗಳು. ಮಗು ಈಗ ಯಾವ ಆಸರೆಯೂ ಇಲ್ಲದೆ ಉಸಿರಾಡುತ್ತಿದೆ.

ವೈದ್ಯರು ವಿವರಿಸಿದಂತೆ, ಇಂಥ ಶಿಶುಗಳ ಶ್ವಾಸಕೋಶದಲ್ಲಿ ಸರ್ಫ್ಯಾಕ್ಟೆಂಟ್ ಎಂಬ ದ್ರವ್ಯ ಸಾಕಷ್ಟು ಇರುವುದಿಲ್ಲವಾದ್ದರಿಂದ, ಉಸಿರು ಬಿಟ್ಟಾಗಲೆಲ್ಲ ಗಾಳಿಚೀಲಗಳು ಕುಸಿಯುತ್ತವೆ ಮತ್ತು ಅವನ್ನು ಪುನಃ ತೆರೆಯುವುದರಲ್ಲೇ ಮಗು ದಣಿದುಹೋಗುತ್ತದೆ. ಸಿಪ್ಯಾಪ್ ಮೂಗಿನ ಮೂಲಕ ಸತತವಾಗಿ ಒತ್ತಡ ಕೊಟ್ಟು ಅವು ಮುಚ್ಚಿಕೊಳ್ಳದಂತೆ ತಡೆಯುತ್ತದೆ. ನಮ್ಮ ಮಗುವಿಗೆ ಹಾಕಿದ್ದು ಬಬಲ್ ಸಿಪ್ಯಾಪ್. ಗಾಳಿ ಹೊರಹೋಗುವ ಕೊಳವೆಯ ತುದಿಯನ್ನು ನೀರಿನ ಬಾಟಲಿಯಲ್ಲಿ 6 ಸೆಂಟಿಮೀಟರ್ ಆಳಕ್ಕೆ ಇಳಿಸಿದ್ದರು. ಆ ಆಳವೇ ಒತ್ತಡದ ಅಳತೆ. ಗುಳ್ಳೆ ಏಳುವುದು ನಿಂತರೆ ಎಲ್ಲೋ ಗಾಳಿ ಸೋರುತ್ತಿರಬಹುದು ಎಂದು ತೋರಿಸಿಕೊಟ್ಟ ಸಿಸ್ಟರ್, ಮೂಗಿನ ಚರ್ಮ ಕೆಂಪಾಗಿದೆಯೇ ಎಂದು ಪದೇ ಪದೇ ಪರೀಕ್ಷಿಸುತ್ತಿದ್ದರು. ಆ ಶ್ರದ್ಧೆ ಯಂತ್ರದಷ್ಟೇ ಮುಖ್ಯವೆಂದು ನನಗನ್ನಿಸಿತು.

ಆಮ್ಲಜನಕದ ಅಗತ್ಯ ಹೆಚ್ಚಿದಾಗ, ಸಿಪ್ಯಾಪ್ ತೆಗೆಯದೆಯೇ, ತೆಳುವಾದ ನಳಿಕೆಯಿಂದ ಶ್ವಾಸನಾಳಕ್ಕೆ ಸರ್ಫ್ಯಾಕ್ಟೆಂಟ್ ಬಿಟ್ಟರು. ನಡುನಡುವೆ ಉಸಿರು ನಿಲ್ಲದಿರಲೆಂದು ಕೆಫೀನ್ ಕೊಟ್ಟರು. ರಕ್ತದ ಆಮ್ಲಜನಕದ ಮಟ್ಟ ತೋರಿಸುವ ಮಾನಿಟರ್‌ನಲ್ಲಿ ಶೇಕಡಾ 100 ಕಾಣಲಿ ಎಂದು ತಂಗಿ ಹಾರೈಸುತ್ತಿದ್ದಳು. ಆದರೆ ಆಮ್ಲಜನಕ ಕೊಡುತ್ತಿರುವಾಗ ಅದನ್ನು ಸುಮಾರು 90ರಿಂದ 95ರೊಳಗೆ ಇರಿಸುತ್ತಾರೆ, ಏಕೆಂದರೆ ಆಮ್ಲಜನಕ ಅತಿಯಾದರೆ ಕಣ್ಣಿನ ಅಕ್ಷಿಪಟಲಕ್ಕೆ ಹಾನಿಯಾಗುವ ಅಪಾಯ ಹೆಚ್ಚುತ್ತದೆ. ಆ ಕಣ್ಣಿನ ತಪಾಸಣೆ ಇನ್ನೂ ಬಾಕಿಯಿದೆ. ಮಗು ಚೆನ್ನಾಗಿದೆಯೆಂದು ಅದನ್ನು ಯಾರೂ ಮುಂದೂಡಬಾರದೆಂದು ವೈದ್ಯರು ಒತ್ತಿ ಹೇಳಿದ್ದಾರೆ.