ಸಹಾಯ ಬೇಕು: ಕಾಂಡ್ಲಾ ಸಂಶೋಧನೆಗೆ ಕ್ಲೌಡ್ ಸಿದ್ಧ ಮಾಡಿಕೊಳ್ಳೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಕುಮಟಾದವಳು. ಅಘನಾಶಿನಿ ಅಳಿವೆಯ ಕಾಂಡ್ಲಾ (ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್) ಗಿಡಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. 2017ರಿಂದ ಈಚೆಗೆ ಹಸಿರು ಎಲ್ಲಿ ಹೆಚ್ಚಾಯ್ತು, ಎಲ್ಲಿ ಕಡಿಮೆಯಾಯ್ತು ಅಂತ ಸೆಂಟಿನೆಲ್-2 ಉಪಗ್ರಹದ ಚಿತ್ರಗಳಲ್ಲಿ ನೋಡಬೇಕು.

ಒಂದು ಚಿತ್ರ ಸುಮಾರು 110 ಕಿ.ಮೀ. ಉದ್ದ, ಅಷ್ಟೇ ಅಗಲ. ನನಗೆ ಬೇಕಾದ್ದು ಅದರಲ್ಲಿ ಒಂದು ಚೂರು ಮಾತ್ರ. ಗಜನಿ ಗದ್ದೆಯ (ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆ) ಕಟ್ಟೆ ಪಕ್ಕದ ಕಾಂಡ್ಲಾ ಸಾಲಿನ ಅಗಲ ಕೆಲವು ಕಡೆ ಚಿತ್ರದ ಒಂದೇ ಚುಕ್ಕಿ (ಪಿಕ್ಸೆಲ್), ಅಂದ್ರೆ 10 ಮೀಟರ್. ಎಲ್ಲ ಇಳಿಸಿಕೊಳ್ಳೋಣ ಅಂದ್ರೆ ಮಳೆಗೆ ಕರೆಂಟ್ ಹೋಗುತ್ತೆ. ನನ್ನ 8 ಜಿಬಿ ಲ್ಯಾಪ್‌ಟಾಪ್ ಅರ್ಧದಲ್ಲೇ ನಿಂತುಬಿಡುತ್ತೆ.

ಹೋದ ತಿಂಗಳು ಕ್ಲೌಡ್‌ನಲ್ಲಿ, ಅಂದ್ರೆ ಇಂಟರ್ನೆಟ್ ಮೂಲಕ ಬಳಸುವ ದೂರದ ಕಂಪ್ಯೂಟರ್ ಕೇಂದ್ರದಲ್ಲಿ, ಒಂದು ಯಂತ್ರ ಬಾಡಿಗೆಗೆ ತಗೊಂಡೆ. ಶನಿವಾರ ಸಂಜೆ ಬ್ರೌಸರ್ ಮುಚ್ಚಿದೆ, ಯಂತ್ರ ನಿಲ್ಲಿಸಲಿಲ್ಲ. ಅದು ಸೋಮವಾರದವರೆಗೂ ಓಡಿದೆ. ಫೆಲೋಶಿಪ್ ಹಣದಲ್ಲಿ ಆ ಬಿಲ್ ಕಟ್ಟುವಾಗ ತುಂಬಾ ಬೇಜಾರಾಯ್ತು.

ಗೊತ್ತಿದ್ದವರು ದಯವಿಟ್ಟು ಹೇಳಿ. ಅಮೆಜಾನ್ ಕ್ಲೌಡ್‌ನಲ್ಲಿ ಈ ಚಿತ್ರಗಳ ತೆರೆದ ಸಂಗ್ರಹ ಅಮೆರಿಕದ ಒರೆಗಾನ್‌ನಲ್ಲಿದೆ. ಯಂತ್ರವನ್ನೂ ಅಲ್ಲೇ ಇಟ್ಟು, ಲೆಕ್ಕ ಮುಗಿಸಿ, ಫಲಿತಾಂಶ ಮಾತ್ರ ಇಳಿಸಿಕೊಂಡರೆ ಖರ್ಚು ಕಡಿಮೆ ಅಲ್ವಾ? ಇಲ್ಲಾ, ಹತ್ತಿರ ಅಂತ ಮುಂಬೈ ಆರಿಸಬೇಕಾ? ಬಜೆಟ್ ಎಚ್ಚರಿಕೆ ಹಾಕಿದ್ದೇನೆ. ಆದ್ರೆ ಅದು ಸುಮ್ನೆ ಮೇಲ್ ಕಳಿಸುತ್ತೆ, ಯಂತ್ರ ನಿಲ್ಲಿಸೋದಿಲ್ಲ. ಒಂದು ಗಂಟೆ ಕೆಲಸ ಇಲ್ಲದಿದ್ದರೆ ತಾನೇ ಆಫ್ ಆಗುವ ಹಾಗೆ ಮಾಡೋದು ಹೇಗೆ? ಗೂಗಲ್ ಅರ್ಥ್ ಎಂಜಿನ್ (ಉಪಗ್ರಹ ಚಿತ್ರಗಳ ಲೆಕ್ಕವನ್ನು ಗೂಗಲ್‌ನ ಕಂಪ್ಯೂಟರ್‌ಗಳಲ್ಲೇ ಮಾಡುವ ಸೇವೆ) ಒಂದೇ ಸಾಕು ಅನ್ನುವವರಿದ್ದರೆ ಅದನ್ನೂ ಹೇಳಿ. ಯಾವುದೇ ಆದ್ರೂ, ನಾನು ಕೆಲಸ ಮಾಡುವ ಜಾಗದಲ್ಲೇ ನಮ್ಮ ಗೈಡ್ ಸರ್ ಕೂಡ ನನ್ನ ಕೋಡ್ ನೋಡುವಂತಿರಬೇಕು.

ಈ ಕೆಲಸ ಮಾಡಿದವರು ಶಿರಸಿ, ಕಾರವಾರದ ಕಡೆ ಯಾರಾದ್ರೂ ಇದ್ದರೆ ಬಂದು ಭೇಟಿಯಾಗುತ್ತೇನೆ.