ರಕ್ತನಾಳದ ಹೊಲಿಗೆ ಸೋರುತ್ತಿದೆ, ಸೂಜಿ ಹೋಲ್ಡರ್‌ನಲ್ಲೇ ತಿರುಗುತ್ತಿದೆ: ಎಲ್ಲಿ ನೋಡಬೇಕು?

ಕಲಿಕೆಯ ಕೈ:
ಎಲ್ಲರಿಗೂ ನಮಸ್ಕಾರ. ಸರ್ಜರಿ ಪಿಜಿ ಮಾಡುತ್ತಿದ್ದೇನೆ. ಸ್ಕಿಲ್ ಲ್ಯಾಬ್‌ನಲ್ಲಿ ರಕ್ತನಾಳ ಜೋಡಿಸುವ ಅಭ್ಯಾಸ ನಡೆದಿದೆ. 6 ಮಿಮೀ ಅಗಲದ ಸಿಲಿಕೋನ್ ಕೊಳವೆ. ಎರಡು ತುದಿ ಎದುರುಬದುರು ಇಟ್ಟು ಸುತ್ತಲೂ ಕಂಟಿನ್ಯುಯಸ್ ಹೊಲಿಗೆ (ಒಂದೇ ದಾರದಲ್ಲಿ ಕಡಿಯದೆ ಸುತ್ತುವ ಹೊಲಿಗೆ) ಹಾಕುತ್ತೇನೆ. ದಾರ 6-0 ಅಳತೆಯ, ತೀರಾ ಸಣ್ಣ ಪಾಲಿಪ್ರೊಪಿಲೀನ್ (ಒಂದು ಬಗೆಯ ಪ್ಲಾಸ್ಟಿಕ್). ಮುಗಿದ ಮೇಲೆ ಒಂದು ತುದಿಗೆ ಕ್ಲಾಂಪ್ ಹಾಕಿ, ಇನ್ನೊಂದು ಕಡೆಯಿಂದ ಸಿರಿಂಜ್‌ನಲ್ಲಿ ಬಣ್ಣದ ನೀರು ತಳ್ಳುತ್ತೇನೆ. ಪ್ರತಿ ಸಲವೂ ಸೋರುತ್ತದೆ. ಸೋರುವ ಕಡೆ ಇನ್ನೊಂದು ಹೊಲಿಗೆ ಹಾಕಿದರೆ ಸೋರಿಕೆ ಇನ್ನೂ ಜಾಸ್ತಿ.

ಇದರ ಜೊತೆ ಸೂಜಿ ಗೋಡೆಗೆ ಚುಚ್ಚಿದ ಕೂಡಲೇ ಹೋಲ್ಡರ್‌ನಲ್ಲಿ ಅಡ್ಡಕ್ಕೆ ತಿರುಗಿಬಿಡುತ್ತದೆ. ಗಂಟು ಹಾಕುವಾಗ ದಾರ ಪಟ್ ಅಂತ ತುಂಡಾಗುವುದೂ ಇದೆ. ದಾರ ಕೆಟ್ಟದ್ದಾ, ಕೈ ಸರಿಯಿಲ್ಲವಾ ಗೊತ್ತಾಗುತ್ತಿಲ್ಲ. ಇಷ್ಟೆಲ್ಲಾ ಒದ್ದಾಡುವ ಬದಲು, ಹೊಲಿಗೆಯಿಲ್ಲದೆ ನಾಳದ ತುದಿಗಳನ್ನು ಜೋಡಿಸುವ ಕಪ್ಲರ್ ಥರದ ಸಾಧನ ಬಳಸಬಹುದಲ್ವಾ?

ನಾಳಜೋಡಣೆ:
ಡಾಕ್ಟ್ರೇ, ಇನ್ನೊಂದು ಹೊಲಿಗೆ ಹಾಕುವ ಮೊದಲು ಎಲ್ಲಿ ಸೋರುತ್ತಿದೆ ನೋಡಿ. ಸೂಜಿ ತೂತಿನಿಂದ ಬರುತ್ತಿದೆಯಾ, ಎರಡು ಹೊಲಿಗೆಗಳ ನಡುವಿನಿಂದಲಾ, ಇಲ್ಲಾ ಗೋಡೆಯೇ ಹರಿದಿದೆಯಾ? ಮೂರಕ್ಕೂ ಮದ್ದು ಬೇರೆ ಬೇರೆ. ನೀವು ಸೋರುವ ಕಡೆಗೆಲ್ಲಾ ಒಂದೇ ಮದ್ದು ಹಾಕುತ್ತಿದ್ದೀರಿ. ಒಂದೊಂದು ಹೊಸ ಹೊಲಿಗೆಯೂ ಎರಡು ಹೊಸ ತೂತು ಅಂತ ಲೆಕ್ಕ.

ಇನ್ನೆರಡು ವಿಷಯ ತಿಳಿಸಿ. ದಾರದ ಪ್ಯಾಕೆಟ್ ಮೇಲೆ ಸೂಜಿಯ ಪಕ್ಕ ಸಣ್ಣ ಗುರುತಿರುತ್ತದೆ. ಅದು ನಡುವೆ ಚುಕ್ಕೆಯಿರುವ ವೃತ್ತವಾ, ತ್ರಿಕೋನವಾ? ಮತ್ತೆ, ಎಷ್ಟು ಒತ್ತಡದಲ್ಲಿ ನೀರು ತಳ್ಳುತ್ತೀರಿ? ಸಿರಿಂಜನ್ನು ಹೆಬ್ಬೆರಳಲ್ಲಿ ಒತ್ತಿದರೆ ಯಾವ ಆರ್ಟರಿಯಲ್ಲೂ ಇರದಷ್ಟು ಒತ್ತಡ ಸುಲಭವಾಗಿ ಬರುತ್ತದೆ. ಸಿರಿಂಜ್ ಚಿಕ್ಕದಾದಷ್ಟೂ ಜಾಸ್ತಿ. ಅದರ ಬದಲು ಸಲೈನ್ ಬ್ಯಾಗ್ ತೂಗುಹಾಕಿ. ಬ್ಯಾಗಿನ ನೀರಿನ ಮಟ್ಟ ಕೊಳವೆಗಿಂತ 136 ಸೆಂಮೀ ಮೇಲಿದ್ದರೆ ಒತ್ತಡ ಸುಮಾರು 100 ಮಿಮೀ ಪಾದರಸ. ಅಲ್ಲಿ ತಡೆದುಕೊಂಡರೆ ನಿಮ್ಮ ಹೊಲಿಗೆ ಗಟ್ಟಿ.

ಕಲಿಕೆಯ ಕೈ:
ಸರ್, ಪ್ಯಾಕೆಟ್ ನೋಡಿದೆ. ತ್ರಿಕೋನ ಇದೆ! ಅವಧಿ ಮುಗಿದ, ಚರ್ಮಕ್ಕೆ ಬಳಸುವ ದಾರಗಳನ್ನು ಲ್ಯಾಬ್‌ಗೆ ಕೊಟ್ಟಿದ್ದಾರೆ. ಸೋರಿಕೆ ಹೆಚ್ಚಾಗಿ ಸೂಜಿ ತೂತುಗಳಿಂದಲೇ, ಕೂದಲೆಳೆಯಂಥ ಕಾರಂಜಿ. ಒಂದು ಕಡೆ ಮಾತ್ರ ಎರಡು ಹೊಲಿಗೆಗಳ ನಡುವೆ ದೊಡ್ಡ ಹನಿ. ಹೋಲ್ಡರ್ ಕೂಡ ಚರ್ಮಕ್ಕೆ ಬಳಸುವ ಸಾಮಾನ್ಯ ದೊಡ್ಡದು.

ನಾಳಜೋಡಣೆ:
ಹಾಗಾದರೆ ಅರ್ಧ ಉತ್ತರ ಸಿಕ್ಕಿತು. ತ್ರಿಕೋನ ಅಂದರೆ ಕಟಿಂಗ್ ಸೂಜಿ. ಗಟ್ಟಿ ಚರ್ಮವನ್ನು ಕೊಯ್ದುಕೊಂಡು ಹೋಗಲು ಅದಕ್ಕೆ ಅಂಚು ಕೊಟ್ಟಿರುತ್ತಾರೆ. ನಾಳದ ಗೋಡೆಯಲ್ಲಿ ಅದು ತೂತು ಮಾಡುವುದಿಲ್ಲ, ಸೀಳು ಮಾಡುತ್ತದೆ. ದಾರ ಎಳೆದಾಗ ಆ ಸೀಳು ಉದ್ದವಾಗುತ್ತದೆ. ರಕ್ತನಾಳಕ್ಕೆ ಬೇಕಾದದ್ದು ರೌಂಡ್ ಬಾಡಿ, ಅಂದರೆ ಚುಕ್ಕೆಯಿರುವ ವೃತ್ತದ ಗುರುತಿನದು. ಅದು ಎಳೆಗಳನ್ನು ಪಕ್ಕಕ್ಕೆ ಸರಿಸಿಕೊಂಡು ನುಗ್ಗುತ್ತದೆ. ಸೂಜಿ ದಾಟಿದ ಮೇಲೆ ಗೋಡೆ ದಾರದ ಸುತ್ತ ಮತ್ತೆ ಕೂಡಿಕೊಳ್ಳುತ್ತದೆ.

ಆದರೂ ಪಾಲಿಪ್ರೊಪಿಲೀನ್‌ನಲ್ಲಿ ಸೂಜಿ ದಾರಕ್ಕಿಂತ ದಪ್ಪ. 6-0 ದಾರದ ದಪ್ಪ 0.07ರಿಂದ 0.1 ಮಿಮೀ ಒಳಗೆ. ಸೂಜಿ ಮಾಡಿದ ತೂತನ್ನು ಅಷ್ಟು ಸಣ್ಣ ದಾರ ಪೂರ್ತಿ ತುಂಬುವುದಿಲ್ಲ. ಜೀವಂತ ನಾಳದಲ್ಲಿ ಪ್ಲೇಟ್‌ಲೆಟ್‌ಗಳು ಬಂದು ಆ ಸಂದನ್ನು ಮುಚ್ಚುತ್ತವೆ. ಗಾಜ್ ಇಟ್ಟು ಸ್ವಲ್ಪ ಹೊತ್ತು ಮೆತ್ತಗೆ ಒತ್ತಿ ಹಿಡಿದರೆ ಸಾಕು. ಬಣ್ಣದ ನೀರು ಹೆಪ್ಪುಗಟ್ಟುವುದಿಲ್ಲ, ಸಿಲಿಕೋನ್‌ಗೆ ಜೀವವಿಲ್ಲ. ಹಾಗಾಗಿ ರೌಂಡ್ ಬಾಡಿ ಸೂಜಿಯಲ್ಲೂ ತೂತಿನಿಂದ ಸಣ್ಣಗೆ ಜಿನುಗಿದರೆ ಚಿಂತೆ ಬೇಡ. ಪಿಟಿಎಫ್‌ಇ (ಟೆಫ್ಲಾನ್ ಥರದ ವಸ್ತು) ದಾರದಲ್ಲಿ ಸೂಜಿ ಮತ್ತು ದಾರ ಹೆಚ್ಚುಕಡಿಮೆ ಒಂದೇ ದಪ್ಪ. ಅದೇ ವಸ್ತುವಿನ ಗ್ರಾಫ್ಟ್ (ಕೃತಕ ನಾಳ) ಹೊಲಿಯುವಾಗ ಅದನ್ನು ಹುಡುಕುವುದು ಈ ಕಾರಣಕ್ಕೇ.

ಇನ್ನು ಆ ದೊಡ್ಡ ಹನಿ. ಅದು ಸಡಿಲ ಸುತ್ತು. ಅಲ್ಲಿ ಹೊಸ ಹೊಲಿಗೆ ಬೇಡ. ನರ್ವ್ ಹುಕ್ (ಮೊಂಡು ತುದಿಯ ಸಣ್ಣ ಕೊಕ್ಕೆ) ತಗೊಂಡು ಸಡಿಲವಾದ ಸುತ್ತನ್ನು ಮೆಲ್ಲಗೆ ಎತ್ತಿ, ಸಡಿಲವನ್ನು ಒಂದೊಂದೇ ಸುತ್ತಿಗೆ ದಾಟಿಸುತ್ತಾ ದಾರದ ತುದಿಯವರೆಗೆ ತನ್ನಿ. ಸಡಿಲ ಬಂತು ಅಂತ ಸಿಟ್ಟಿನಲ್ಲಿ ಪೂರ್ತಿ ಜಗ್ಗಬೇಡಿ. ಕಂಟಿನ್ಯುಯಸ್ ಹೊಲಿಗೆಯನ್ನು ಜಾಸ್ತಿ ಜಗ್ಗಿದರೆ ಚೀಲದ ಬಾಯಿಗೆ ಹಾಕಿದ ಲಾಡಿ ಎಳೆದ ಹಾಗೆ ನಾಳದ ಬಾಯಿ ಕಿರಿದಾಗುತ್ತದೆ. ಹೊರಗಿನಿಂದ ಚೆಂದ ಕಾಣುತ್ತದೆ, ಸೋರುವುದೂ ಇಲ್ಲ, ಆದರೆ ಒಳಗೆ ರಕ್ತ ಹರಿಯಲು ದಾರಿಯೇ ಇರುವುದಿಲ್ಲ. ನನ್ನ ಮಟ್ಟಿಗೆ ಸೋರುವ ಹೊಲಿಗೆಗಿಂತ ಇದು ಕೆಟ್ಟದ್ದು. ಸೋರಿಕೆ ಕಣ್ಣಿಗೆ ಬೀಳುತ್ತದೆ, ಇದು ಬೀಳುವುದಿಲ್ಲ.

ಮೂರು ಕಡೆ ಆಧಾರದ ಹೊಲಿಗೆ ಹಾಕಿ, ಅವುಗಳನ್ನು ಎಳೆದು ಹಿಡಿದು, ವೃತ್ತವನ್ನು ತ್ರಿಕೋನ ಮಾಡಿಕೊಂಡು ಹೊಲಿಯುವ ಕ್ರಮವನ್ನು ಅಲೆಕ್ಸಿ ಕ್ಯಾರೆಲ್ 1902ರಲ್ಲೇ ತೋರಿಸಿಕೊಟ್ಟರು. 1912ರ ನೊಬೆಲ್ ಬಂದದ್ದು ರಕ್ತನಾಳದ ಹೊಲಿಗೆ ಮತ್ತು ಕಸಿಯ ಕೆಲಸಕ್ಕೇ. ಹೀಗೆ ಎಳೆದು ಹಿಡಿದರೆ ಎದುರು ಗೋಡೆ ಸೂಜಿಗೆ ಸಿಕ್ಕಿಕೊಳ್ಳುವ ಭಯ ಕಡಿಮೆ. ನಿಮ್ಮ ಹಂತದಲ್ಲಿ ಇದನ್ನೇ ಮಾಡಿ ನೋಡಿ.

ಥಿಯೇಟರ್ ಟೇಬಲ್:
ನಾನು ಸ್ಕ್ರಬ್ ನರ್ಸ್, ಆಪರೇಷನ್ ವೇಳೆ ಸಲಕರಣೆ ಕೊಡುವವಳು. ಸೂಜಿ ತಿರುಗುವುದರ ಬಗ್ಗೆ ಹೇಳುತ್ತೇನೆ, ಇದು ದಿನಾ ನನ್ನ ಕೈಯಲ್ಲಿ ಆಗುವ ಕೆಲಸ.

ಡಾಕ್ಟ್ರೇ, ಚರ್ಮದ ಹೋಲ್ಡರ್‌ನ ದವಡೆ ಅಗಲ, ಗೀರು ಒರಟು. ನಿಮ್ಮ ಸೂಜಿ ಸಣ್ಣದು, ಬಾಗಿದ್ದು. ಅಗಲ ದವಡೆಯಲ್ಲಿ ಅದು ಎರಡು ಕಡೆ ಮಾತ್ರ ತಾಗುತ್ತದೆ, ನಡುವೆ ಟೊಳ್ಳು. ಅದಕ್ಕೇ ತಿರುಗುತ್ತದೆ. ಜೋರಾಗಿ ಅದುಮಿದರೆ ಸೂಜಿಯೇ ಚಪ್ಪಟೆಯಾಗುತ್ತದೆ. 6-0ಗೆ ಕ್ಯಾಸ್ಟ್ರೊವಿಯೆಹೊ ಥರದ ಸಣ್ಣ ಸ್ಪ್ರಿಂಗ್ ಹೋಲ್ಡರ್ ಕೇಳಿ.

ಸಿಕ್ಕ ಮೇಲೂ ಪರೀಕ್ಷೆ ಮಾಡಿ. ದವಡೆ ಮುಚ್ಚಿ ಬೆಳಕಿಗೆ ಹಿಡಿಯಿರಿ. ತುದಿಯ ಹತ್ತಿರ ಬೆಳಕಿನ ಗೆರೆ ಕಂಡರೆ ಯಾರೋ ಅದರಲ್ಲಿ ದೊಡ್ಡ ಸೂಜಿ ಹಿಡಿದು ದವಡೆ ಬಾಗಿಸಿದ್ದಾರೆ ಅಂತ. ಆಮೇಲೆ ಸೂಜಿ ಹಿಡಿದು ಲಾಕ್ ಮಾಡಿ, ಫೋರ್ಸೆಪ್ಸ್‌ನಿಂದ ಮೆಲ್ಲಗೆ ತಳ್ಳಿ. ಅಲ್ಲಾಡಿದರೆ ಆ ಹೋಲ್ಡರ್ ರಿಪೇರಿಗೆ ಹೋಗಲಿ. ಬಂಗಾರದ ಬಣ್ಣದ ಹಿಡಿ ಇದ್ದರೆ ಸಾಮಾನ್ಯವಾಗಿ ದವಡೆಯೊಳಗೆ ಟಂಗ್‌ಸ್ಟನ್ ಕಾರ್ಬೈಡ್ ತುಣುಕು ಇರುತ್ತದೆ. ಸವೆದರೆ ಆ ತುಣುಕನ್ನು ಬದಲಿಸಬಹುದು, ಹೋಲ್ಡರ್ ಎಸೆಯಬೇಕಾಗಿಲ್ಲ.

ಸೂಜಿ ಹಿಡಿಯುವ ಜಾಗವೂ ಮುಖ್ಯ. ಮೊನೆಯಿಂದ ಅರ್ಧ ದಾಟಿ, ಮೂರರಲ್ಲಿ ಎರಡು ಭಾಗದೊಳಗೆ. ದಾರ ಸೇರುವ ಹಿಂತುದಿಯನ್ನು ಹಿಡಿಯಬೇಡಿ. ದಾರ ಕೂರಿಸಲು ಅಲ್ಲಿ ಕೊರೆದಿರುತ್ತಾರೆ, ಅದು ಗಟ್ಟಿ ಇರುವುದಿಲ್ಲ. ಚುಚ್ಚಿದ ಮೇಲೆ ಸೂಜಿಯನ್ನು ನೇರಕ್ಕೆ ತಳ್ಳದೆ ಮಣಿಕಟ್ಟು ತಿರುಗಿಸಿ. ಸೂಜಿ ತನ್ನ ಬಾಗಿನಲ್ಲೇ ಹೊರಗೆ ಬರಬೇಕು.

ಕೊನೆಯದು, ದಾರ ತುಂಡಾಗುವುದು. ಗಂಟು ಹಾಕುವಾಗ ದಾರವನ್ನು ಹೋಲ್ಡರ್‌ನಿಂದ ಹಿಡಿಯುತ್ತಿದ್ದೀರಾ? ಪಾಲಿಪ್ರೊಪಿಲೀನ್ ಒಂದೇ ಎಳೆ. ಲೋಹದ ಹಲ್ಲು ತಾಗಿದ ಕಡೆ ಗಾಯವಾಗಿ, ಆಮೇಲೆ ಎಳೆದಾಗ ಅಲ್ಲೇ ತುಂಡಾಗುತ್ತದೆ. ಕೈಯಲ್ಲೇ ಗಂಟು ಹಾಕಿ. ಕ್ಲಾಂಪ್‌ನಲ್ಲಿ ಹಿಡಿದಿಡಬೇಕಾದರೆ ದವಡೆಗೆ ರಬ್ಬರ್ ತೊಡಿಸಿದ್ದನ್ನೇ ಬಳಸಿ. ಜಾರುವ ದಾರವಾದ್ದರಿಂದ ಚಪ್ಪಟೆ ಗಂಟನ್ನು ಒಂದರ ಮೇಲೊಂದು ಆರೇಳು ಹಾಕುತ್ತಾರೆ. ಬೆರಳು ಸಲೈನ್‌ನಲ್ಲಿ ಒದ್ದೆ ಇರಲಿ.

ಯಂತ್ರದ ಮೇಜು:
ನಾನು ವೈದ್ಯಕೀಯ ಸಾಧನಗಳ ವಿನ್ಯಾಸದಲ್ಲಿದ್ದೇನೆ. ಕಪ್ಲರ್ ಪ್ರಶ್ನೆಗೆ ಉತ್ತರ: ನಿಮ್ಮ ಕೊಳವೆಗೆ ಆಗುವುದಿಲ್ಲ. ಸಿಗುವ ಕಪ್ಲರ್‌ಗಳು ಸುಮಾರು 1ರಿಂದ 4 ಮಿಮೀ ಅಳತೆಯವು. ಎರಡು ಉಂಗುರ, ಒಂದೊಂದರಲ್ಲೂ ಸಣ್ಣ ಮುಳ್ಳುಗಳು. ನಾಳದ ತುದಿಯನ್ನು ಉಂಗುರದೊಳಗಿಂದ ಎಳೆದು, ಅಂಚನ್ನು ಹೊರಕ್ಕೆ ಮಡಚಿ ಮುಳ್ಳಿಗೆ ಸಿಕ್ಕಿಸುತ್ತೇವೆ. ಆಮೇಲೆ ಉಂಗುರಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಒಳಪದರಕ್ಕೆ ಒಳಪದರವೇ ತಾಗುತ್ತದೆ, ರಕ್ತ ಹರಿಯುವ ಜಾಗದಲ್ಲಿ ದಾರವೇ ಇರುವುದಿಲ್ಲ. ತೆಳು ಗೋಡೆಯ ವೇನ್‌ಗೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ. ದಪ್ಪ, ಗಟ್ಟಿಯಾದ ಆರ್ಟರಿ ಗೋಡೆ ಹಾಗೆ ಮಡಚಲು ಬಗ್ಗುವುದಿಲ್ಲ.

ತೊಡೆಯ ಆರ್ಟರಿಯಲ್ಲಿ ಕ್ಯಾತಿಟರ್ ಹಾಕಿದ ತೂತನ್ನು ಚರ್ಮದ ಹೊರಗಿನಿಂದಲೇ ಹೊಲಿಯುವ ಪರ್‌ಕ್ಲೋಸ್ ಥರದ ಸಾಧನವೂ ಇದೆ. ಅಲ್ಲೂ ಒಳಗೆ ಹೋಗುವುದು ಪಾಲಿಪ್ರೊಪಿಲೀನ್ ದಾರವೇ. ಮುಂಭಾಗದ ಗೋಡೆಯಲ್ಲಿ ಸುಣ್ಣ ಕಟ್ಟಿದ್ದರೆ ಅದರ ಸೂಜಿ ಸರಿಯಾಗಿ ನುಗ್ಗದೆ ಕೈಕೊಡಬಹುದು. ಅಂಗಾಂಶಕ್ಕೆ ಪಿನ್ ಹೊಡೆದು ಮುಚ್ಚುವ ಸರ್ಜಿಕಲ್ ಸ್ಟೇಪ್ಲರ್‌ನಲ್ಲಿ ಪಿನ್ ಇಂಗ್ಲಿಷಿನ ಬಿ ಆಕಾರಕ್ಕೆ ಮಡಚಬೇಕು. ಅಂಗಾಂಶದ ದಪ್ಪಕ್ಕೆ ತಪ್ಪು ಕಾರ್ಟ್ರಿಜ್ (ಪಿನ್‌ಗಳು ತುಂಬಿದ ಭಾಗ) ಹಾಕಿದರೆ ಆ ಆಕಾರ ಬರುವುದಿಲ್ಲ, ಆಗ ಅದೂ ಸೋರುತ್ತದೆ. ಸಾಧನ ಬಂದರೂ ಗೋಡೆ ಎಷ್ಟು ದಪ್ಪ, ಎಷ್ಟು ಗಟ್ಟಿ ಅಂತ ನೀವೇ ನೋಡಿ ತಿಳಿಯಬೇಕು. ಕೈಹೊಲಿಗೆ ಅಭ್ಯಾಸ ಬಿಡಬೇಡಿ.

ಕಲಿಕೆಯ ಕೈ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರೌಂಡ್ ಬಾಡಿ ಸೂಜಿ, ಸಣ್ಣ ಹೋಲ್ಡರ್ ಸಿಕ್ಕಿತು. ಹಳೇ ಹೋಲ್ಡರ್ ಬೆಳಕಿಗೆ ಹಿಡಿದೆ, ಮೇಡಂ ಹೇಳಿದ ಗೆರೆ ಸ್ಪಷ್ಟವಾಗಿ ಕಂಡಿತು. ಸಲೈನ್ ಬ್ಯಾಗ್ 136 ಸೆಂಮೀ ಎತ್ತರಕ್ಕೆ ತೂಗುಹಾಕಿ ನೋಡಿದೆ. ಕಾರಂಜಿ ಇಲ್ಲ, ತೂತುಗಳಲ್ಲಿ ಬರೀ ಒದ್ದೆ. ಆದರೆ ಹಿಂಭಾಗದಲ್ಲಿ ಒಂದೇ ಜಾಗದಿಂದ ಇನ್ನೂ ತೊಟ್ಟಿಕ್ಕುತ್ತಿದೆ. ಹೊರಗಿನಿಂದ ಅಲ್ಲಿ ಹೊಲಿಗೆ ಸರಿಯಾಗಿಯೇ ಕಾಣುತ್ತದೆ.

ನಾಳಜೋಡಣೆ:
ಒಳ್ಳೆಯ ಸುದ್ದಿ! ಈಗ ಆ ಕೊಳವೆಯನ್ನು ಉದ್ದಕ್ಕೆ ಕತ್ತರಿಸಿ ಬಿಚ್ಚಿ, ಒಳಗಿನಿಂದ ನೋಡಿ. ಆ ಜಾಗದಲ್ಲಿ ಒಂದು ಅಂಚು ಒಳಕ್ಕೆ ಮಡಚಿಕೊಂಡಿರಬಹುದು, ಇಲ್ಲಾ ಒಂದು ಕಡೆ ಸೂಜಿ ಗೋಡೆಯ ಪೂರ್ತಿ ದಪ್ಪ ದಾಟಿರುವುದಿಲ್ಲ. ಅಂಚಿನಿಂದ ಸುಮಾರು 1 ಮಿಮೀ ಒಳಗೆ, ಒಂದಕ್ಕೊಂದು 1 ಮಿಮೀ ದೂರ ಇದೆಯಾ ಅಂತ ಸ್ಕೇಲ್ ಇಟ್ಟು ಅಳೆಯಿರಿ. ಮುಂದಿನ ಸಲ ಹಿಂಗೋಡೆಯಿಂದಲೇ ಶುರು ಮಾಡಿ, ಆಗ ಅದು ಕಣ್ಣೆದುರಿಗೇ ಇರುತ್ತದೆ. ನಿಜವಾದ ಆರ್ಟರಿಗೆ ಬಂದಾಗ ಕಾಯಿಲೆ ಇರುವ ಕಡೆ ಸೂಜಿ ಒಳಗಿನಿಂದ ಹೊರಕ್ಕೆ ಬರಲಿ, ಇಲ್ಲದಿದ್ದರೆ ಒಳಪದರ ಎದ್ದುಬರುತ್ತದೆ. ಬಿಚ್ಚಿದ ಕೊಳವೆಯ ಒಳಭಾಗದ ಫೋಟೊ ಇಲ್ಲಿ ಹಾಕಿ, ಯಾವುದು ಅಂತ ಒಟ್ಟಿಗೆ ನೋಡೋಣ.