ಹಿಂದಿನ ಬ್ರೇಕ್ ಲಿವರ್ ಹ್ಯಾಂಡಲ್‌ಗೆ ತಾಗ್ತಾ ಉಂಟು, ಡಾಟ್ 4 ಬ್ರೇಕ್ ಫ್ಲೂಯಿಡ್ ಹಾಕಬಹುದಾ?

ಮಣಿಪಾಲದವ:
ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಎಂಟಿಬಿಯ (ಗುಡ್ಡಗಾಡಿನ ಸೈಕಲ್) ಹಿಂದಿನ ಹೈಡ್ರಾಲಿಕ್, ಅಂದ್ರೆ ಎಣ್ಣೆ ಒತ್ತಡದ ಬ್ರೇಕ್ ಕೈಕೊಟ್ಟಿತು. ಮೇಲಿನ ತಿರುವುಗಳಲ್ಲಿ ಸರಿ ಇತ್ತು, ಅರ್ಧ ಘಾಟಿ ಆಗುವಷ್ಟರಲ್ಲಿ ಲಿವರ್ ಹ್ಯಾಂಡಲ್‌ಗೇ ತಾಗ್ಲಿಕ್ಕೆ ಶುರು. ಪಂಪ್ ಮಾಡಿದ್ರೆ ಗಟ್ಟಿಯಾಗ್ತದೆ, ಸ್ವಲ್ಪ ಬಿಟ್ಟರೆ ಪುನಃ ಮೆತ್ತಗೆ. ಮನೆಗೆ ಬಂದ ಮೇಲೂ ಹಾಗೇ. ಎಲ್ಲೂ ಸೋರಿದ್ದು ಕಾಣುದಿಲ್ಲ. ಮೋಟಾರ್ ಬೈಕ್ ಮೆಕ್ಯಾನಿಕ್ ಒಬ್ರು "ಡಾಟ್ 4 ಹಾಕಿ ಏರ್ ತೆಗ್ದು ಕೊಡ್ತೇನೆ, ಎಲ್ಲ ಒಂದೇ" ಅಂತಾರೆ. ಲಿವರ್ ಮೇಲೆ ನೋಡಿದ್ರೆ 'ಮಿನರಲ್ ಆಯಿಲ್ ಓನ್ಲಿ' ಅಂತ ಬರೆದದ್ದು ಉಂಟು. ಎಂತ ಮಾಡುದು?

ಕದ್ರಿಗುಡ್ಡೆ:
ಮಾರಾಯ್ರೆ, ಡಾಟ್ ಮಾತ್ರ ಹಾಕಿಸ್ಬೇಡಿ. ಮಿನರಲ್ ಆಯಿಲ್ ಬ್ರೇಕಿನ ಸೀಲ್‌ಗೆ ಡಾಟ್ ಆಗುದಿಲ್ಲ, ಸೀಲ್ ಹಾಳಾದ್ರೆ ಲಿವರ್, ಕ್ಯಾಲಿಪರ್ (ಚಕ್ರದ ಹತ್ರ ಪ್ಯಾಡ್ ಒತ್ತುವ ಭಾಗ) ಎರಡೂ ಹೋಯ್ತು. ಚೆಲ್ಲಿದ್ರೆ ಸೈಕಲಿನ ಬಣ್ಣವೂ ಏಳ್ತದೆ. ಶಿಮಾನೊ, ಟೆಕ್ಟ್ರೊ, ಮಗೂರಾ ಮಿನರಲ್. ಸ್ರಾಮ್‌ನವು ಹೆಚ್ಚಿನವು ಡಾಟ್, ಆದ್ರೆ ಡಿಬಿ8, ಮೇವನ್ ಮಿನರಲ್. ಹಾಗಾಗಿ ಕಂಪನಿ ಹೆಸರು ನೋಡಿ ಅಲ್ಲ, ಲಿವರ್ ಮೇಲೆ ಬರೆದದ್ದು ನೋಡಿ ಎಣ್ಣೆ ತರುದು.

ಪಂಪ್ ಮಾಡಿದಾಗ ಗಟ್ಟಿ ಆಗ್ತದೆ ಅಂದ್ರೆ ಒಳಗೆ ಗಾಳಿ ಉಂಟು. ಬ್ಲೀಡ್, ಅಂದ್ರೆ ಗಾಳಿ ತೆಗೆಯುದು, ನೀವೇ ಮಾಡಬಹುದು. ಚಕ್ರ, ಪ್ಯಾಡ್ ತೆಗೆದು ಎಣ್ಣೆ ತಾಗದ ಹಾಗೆ ದೂರ ಇಡಿ. ಪಕ್ಕದ ಕೋಣೆಯಲ್ಲೇ ಇಟ್ರೆ ಇನ್ನೂ ಒಳ್ಳೇದು. ಪ್ಲಾಸ್ಟಿಕ್ ಟಯರ್ ಲಿವರಿನಿಂದ (ಟಯರ್ ಬಿಚ್ಚುವ ಪಟ್ಟಿ) ಕ್ಯಾಲಿಪರಿನ ಪಿಸ್ಟನ್ ಮೆಲ್ಲ ಹಿಂದೆ ದೂಡಿ, ನಡುವೆ ಬ್ಲೀಡ್ ಬ್ಲಾಕ್ (ಪಿಸ್ಟನ್ ತಡೆದು ಹಿಡಿಯುವ ತುಂಡು) ಕೂರಿಸಿ. ಬ್ಲಾಕ್ ಇಲ್ಲದೆ ಬ್ರೇಕ್ ಲಿವರ್ ಒತ್ತಿದ್ರೆ ಪಿಸ್ಟನ್ ಹೊರಗೇ ಬಂದೀತು. ಬ್ರೇಕ್ ಲಿವರನ್ನು ನೆಲಕ್ಕೆ ಸಮ ಮಾಡಿ, ಅದರ ಸಣ್ಣ ಸ್ಕ್ರೂ ಬಿಚ್ಚಿ ಫನಲ್ ಸಿಕ್ಕಿಸಿ, ಕ್ಯಾಲಿಪರಿನ ನಿಪ್ಪಲ್ (ಎಣ್ಣೆ ದೂಡುವ ಸಣ್ಣ ಮೂತಿ) ತೆರೆದು ಅಲ್ಲಿಂದ ಸಿರಿಂಜಲ್ಲಿ ಎಣ್ಣೆ ಮೇಲಕ್ಕೆ ದೂಡಿ. ಗುಳ್ಳೆ ಹೇಗೂ ಮೇಲಕ್ಕೇ ಹೋಗುದು, ದಾರಿ ಮಾಡಿ ಕೊಟ್ರೆ ಸಾಕು. ಹಿಂದಿನ ಹೋಸ್ ಉದ್ದ, ಬಗ್ಗಿದಲ್ಲೆಲ್ಲ ಗುಳ್ಳೆ ಅಂಟಿ ಕೂರ್ತದೆ. ಸೈಕಲಿನ ಮುಂಭಾಗ ಎತ್ತಿ ನಿಲ್ಲಿಸಿ, ಸ್ಕ್ರೂಡ್ರೈವರ್ ಹಿಡಿಯಿಂದ ಹೋಸ್ ತಟ್ತಾ ಬನ್ನಿ. ಆಮೇಲೆ ನಿಪ್ಪಲ್ ಮುಚ್ಚಿ, ಲಿವರ್ ಎಳೀರಿ, ಬಿಡಿ. ಫನಲಲ್ಲಿ ಗುಳ್ಳೆ ಪೂರ್ತಿ ನಿಲ್ಲುವ ತನಕ ಅವಸರ ಬೇಡ.

ಪಡುಬಿದ್ರಿ ಪೆಡಲ್:
ಘಾಟಿಯುದ್ದಕ್ಕೂ ಹಿಂದಿನ ಬ್ರೇಕ್ ಒಂದನ್ನೇ ಹಿಡ್ಕೊಂಡು ಇಳಿದ್ರಾ? ತಣಿದ ಮೇಲೆ ಲಿವರ್ ಸರಿಯಾಗಿದ್ರೆ ಬರೀ ಬಿಸಿಯ ಕಾಟ ಅನ್ನಬಹುದಿತ್ತು. ನಿಮ್ಮದು ಹಾಗಲ್ಲ, ಬ್ಲೀಡ್ ಬೇಕೇ. ಆದ್ರೆ ಬರೀ ಗುಳ್ಳೆ ತೆಗೆದು ಸುಮ್ಮನಾಗ್ಬೇಡಿ, ಹಳೆ ಎಣ್ಣೆ ಪೂರ್ತಿ ಬದಲಿಸಿ. ಡಾಟ್ ನೀರು ಹೀರಿ ತನ್ನೊಳಗೆ ಬೆರೆಸಿಕೊಳ್ತದೆ. ಮಿನರಲ್ ಹಾಗೆ ಮಾಡುದಿಲ್ಲ, ಒಳಗೆ ಸೇರಿದ ನೀರು ಕೆಳಗಿಳಿದು ಬಿಸಿಯಾಗುವ ಕ್ಯಾಲಿಪರಲ್ಲೇ ಕೂರ್ತದೆ, 100 ಡಿಗ್ರಿಗೆಲ್ಲ ಕುದೀತದೆ. ನಮ್ಮ ಮಳೆಗಾಲಕ್ಕೆ ಇದು ಮರೆಯುವ ವಿಷಯ ಅಲ್ಲ. ಇಳಿಯುವಾಗ ಎರಡೂ ಬ್ರೇಕ್ ತಿರುವಿನ ಮೊದಲೇ ಬಲವಾಗಿ ಹಿಡಿದು ಬಿಡಿ, ಎಳ್ಕೊಂಡೇ ಬರ್ಬೇಡಿ.

ಮಣಿಪಾಲದವ:
ಸಿರಿಂಜ್ ಮೆಡಿಕಲ್‌ನಲ್ಲಿ ಸಿಕ್ಕಿತು. ಪ್ಯಾಡಿಗೆ ಎಣ್ಣೆ ತಾಗಿದ್ರೆ ಗ್ಯಾಸ್ ಒಲೆಯಲ್ಲಿ ಸುಟ್ಟರೆ ಸಾಕು ಅಂತಾರಲ್ಲ?

ಕದ್ರಿಗುಡ್ಡೆ:
ಸುಡುವವರು ಉಂಟು, ನನಗೆ ಅದರ ಮೇಲೆ ನಂಬಿಕೆ ಇಲ್ಲ. ಹೊಸ ಪ್ಯಾಡ್ ಹಾಕಿ, ರೋಟರನ್ನು (ಪ್ಯಾಡ್ ಹಿಡಿಯುವ ಚಕ್ರದ ಡಿಸ್ಕ್) ಐಸೊಪ್ರೊಪೈಲ್ ಆಲ್ಕೊಹಾಲಲ್ಲಿ ಒರೆಸಿ. ಆಮೇಲೆ ಖಾಲಿ ರಸ್ತೆಯಲ್ಲಿ ವೇಗ ಹಿಡಿದು, ಪೂರ್ತಿ ನಿಲ್ಲಿಸದೆ ಬ್ರೇಕ್ ಹಿಡಿದು ನಿಧಾನ ಮಾಡಿ. ಬ್ರೇಕ್ ಚೆನ್ನಾಗಿ ಕಚ್ಚುವ ತನಕ ಹೀಗೇ ಮಾಡ್ತಾ ಇರಿ, ಅಲ್ಲಿವರೆಗೆ ಘಾಟಿ ಬೇಡ.